ಹಳಸಿದ ಪಾಠ ಕೊಟ್ಟು ಹುಡುಗರನ್ನು ದಡ್ಡರೆನ್ನಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲೇ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ತರಬೇತಿ ಕೇಂದ್ರಕ್ಕೆ ಹೋಗುವ ನಮ್ಮ ಓಣಿಯ ಹುಡುಗ ಸಂಜೆ ಲ್ಯಾಪ್‌ಟಾಪ್ ಹಿಡಿದು ಬಂದ. "ಕಾಕಾ, ಈ ಎಲ್ಮ್ ನನ್ನ ತಲೆಗೆ ಹತ್ತುವುದಿಲ್ಲ" ಎಂದ. ಎಲ್ಮ್ ಎಂದರೆ ಬ್ರೌಸರಿನಲ್ಲಿ ನಡೆಯುವ ವೆಬ್ ಪುಟಗಳನ್ನು ಕಟ್ಟುವ ಒಂದು ಚಿಕ್ಕ ಪ್ರೋಗ್ರಾಮಿಂಗ್ ಭಾಷೆ. ದುಡ್ಡು ಕಟ್ಟಿಸಿಕೊಂಡು ಅವರು ಕೊಟ್ಟ ನೋಟ್ಸ್ ತೆರೆದರೆ ಮೊದಲ ಪುಟದಲ್ಲೇ ‘ಎಚ್‌ಟಿಎಂಎಲ್.ಬಿಗಿನರ್‌ಪ್ರೋಗ್ರಾಂ’! 2018ರ ಆಗಸ್ಟ್‌ನಲ್ಲಿ ಎಲ್ಮ್‌ನ 0.19 ಆವೃತ್ತಿ ಬಂದಾಗಲೇ, ಪ್ರೋಗ್ರಾಂ ಶುರು ಮಾಡುವ ಆ ಹೆಸರು ಭಾಷೆಯಿಂದ ಹೋಯಿತು. ಆ ಜಾಗಕ್ಕೆ ‘ಬ್ರೌಸರ್.ಸ್ಯಾಂಡ್‌ಬಾಕ್ಸ್’ ಬಂತು. ಮುಂದೆ ಸಂಖ್ಯೆಯನ್ನು ಪಠ್ಯವಾಗಿಸಲು ‘ಟುಸ್ಟ್ರಿಂಗ್’, ಶೇಷ ತೆಗೆಯಲು ಶೇಕಡಾ ಚಿಹ್ನೆ. ಅವೂ ಅದೇ ಆವೃತ್ತಿಯಲ್ಲಿ ಹೋದವು. ಹುಡುಗ ಒಂದಕ್ಷರ ತಪ್ಪದೆ ಟೈಪ್ ಮಾಡಿದ್ದಾನೆ. ತಪ್ಪು ಪಾಠದ್ದು, ಬೈಸಿಕೊಂಡವನು ಅವನು.

ಜಾವಾಸ್ಕ್ರಿಪ್ಟ್ ಕಲಿಯುವವನಿಗೆ ಒಂದು ಪಾಠ ಹಳತಾದರೆ ಹತ್ತು ಹೊಸವು ಸಿಗುತ್ತವೆ. ಚಿಕ್ಕ ಭಾಷೆಗೆ ಆ ಭಾಗ್ಯವಿಲ್ಲ. ಒಂದು ಹಳಸಲು ಪುಟ ಸಾಕು, ಕಲಿಯಬೇಕಾದವನು ಭಾಷೆಯನ್ನೇ ಬಿಟ್ಟು ಹೋಗುತ್ತಾನೆ. ಆವೃತ್ತಿಯ ಸಂಖ್ಯೆ ಬರೆಯದ ಪಾಠವನ್ನು ಮಕ್ಕಳ ಕೈಗೆ ಕೊಡುವುದು ಅನ್ಯಾಯ.

ಬೇಕಾದ ಸಲಕರಣೆಗಳು ಕೈಬೆರಳಲ್ಲಿ ಎಣಿಸುವಷ್ಟೇ ಇವೆ, ಆದರೆ ಅಪ್ಪಟವಾಗಿವೆ. ಓದಲು ಎಲ್ಮ್‌ನ ಅಧಿಕೃತ ಮಾರ್ಗದರ್ಶಿ. ಏನನ್ನೂ ಇನ್‌ಸ್ಟಾಲ್ ಮಾಡದೆ ಬ್ರೌಸರಿನಲ್ಲೇ ಬರೆದು ನೋಡಲು ‘ಎಲ್ಲಿ’ (Ellie) ಎಂಬ ಜಾಲತಾಣ. ಕೋಡ್ ಓರಣವಾಗಿಡಲು ಎಲ್ಮ್-ಫಾರ್ಮ್ಯಾಟ್, ಪರೀಕ್ಷೆಗೆ ಎಲ್ಮ್-ಟೆಸ್ಟ್, ಸ್ವಲ್ಪ ಪಳಗಿದ ಮೇಲೆ ಕೋಡಿನ ದೋಷ ಹುಡುಕಿಕೊಡುವ ಎಲ್ಮ್-ರಿವ್ಯೂ. ಪ್ಯಾಕೇಜುಗಳ, ಅಂದರೆ ಬರೆದವರು ಎಲ್ಲರಿಗೂ ಹಂಚುವ ಸಿದ್ಧ ಕೋಡಿನ, ವಿಷಯಕ್ಕೆ ಬಂದರೆ ನನಗೆ ಖುಷಿ ತಡೆಯಲಾಗುವುದಿಲ್ಲ: ವಿವರಣೆ ಬರೆಯದಿದ್ದರೆ ಪ್ರಕಟಿಸಲು ಬಿಡುವುದೇ ಇಲ್ಲ, ಏನು ಬದಲಾಗಿದೆಯೆಂದು ಸಲಕರಣೆಯೇ ನೋಡಿ ಮುಂದಿನ ಆವೃತ್ತಿ ಸಂಖ್ಯೆ ಹೇಳುತ್ತದೆ. ಎಲ್ಲಕ್ಕಿಂತ ಒಳ್ಳೆಯ ಮೇಷ್ಟ್ರು ಕಂಪೈಲರ್, ಅಂದರೆ ಬರೆದ ಕೋಡನ್ನು ಪರಿಶೀಲಿಸಿ ಬ್ರೌಸರಿಗೆ ಅರ್ಥವಾಗುವಂತೆ ಮಾಡುವ ಸಲಕರಣೆ. ಹುಡುಗನ ಪರದೆಯ ಮೇಲೂ ಅದು ‘ಎಚ್‌ಟಿಎಂಎಲ್’ನಲ್ಲಿ ಅಂಥ ಹೆಸರಿಲ್ಲ ಎಂದು ಹೇಳಿ, ಅದಕ್ಕೆ ಹತ್ತಿರದ ಹೆಸರುಗಳನ್ನು ಕೆಳಗೆ ಸಾಲಾಗಿ ಕೊಟ್ಟಿತ್ತು. ಕೆಂಪು ಅಕ್ಷರ ಕಂಡೊಡನೆ ಕಿಟಕಿ ಮುಚ್ಚುವುದನ್ನು ಅವನಿಗೆ ಕಲಿಸಿದವರು ಯಾರು? ಓದಲು ಯಾರೂ ಹೇಳಿಕೊಟ್ಟಿಲ್ಲ.

"2019ರ 0.19.1 ಆದಮೇಲೆ ದೊಡ್ಡ ಬಿಡುಗಡೆ ಎಲ್ಲಿದೆ? ಸತ್ತ ಭಾಷೆ ಬಿಡಿ, ರಿಯಾಕ್ಟ್ ಕಲಿತರೆ ಬೆಂಗಳೂರಿನಲ್ಲಿ ನೌಕರಿ" ಎನ್ನುತ್ತೀರಿ. ಜಾವಾಸ್ಕ್ರಿಪ್ಟಿನಲ್ಲಿ ವೆಬ್ ಪುಟ ಕಟ್ಟುವ ರಿಯಾಕ್ಟ್ ಕಲಿಯಲಿ, ಬೇಡ ಎಂದವರಾರು? ರಿಯಾಕ್ಟ್ ಜೊತೆಗೆ ಬಳಸುವ ರಿಡಕ್ಸ್ ಎಂಬ ಸಲಕರಣೆ ಎಲ್ಮ್‌ನಿಂದ ಪ್ರೇರಣೆ ಪಡೆದದ್ದು ಎಂದು ರಿಡಕ್ಸ್‌ನವರೇ ಬರೆದುಕೊಂಡಿದ್ದಾರೆ. ಇನ್ನು ಬಿಡುಗಡೆ ಇಲ್ಲವೆಂದರೆ 0.19ಕ್ಕೆ ಬರೆದ ಪಾಠ ಇವತ್ತಿಗೂ ನಡೆಯುತ್ತದೆ ಎಂದಾಯಿತು. ಅಷ್ಟು ವರ್ಷ ಸಮಯ ಸಿಕ್ಕರೂ ನೋಟ್ಸ್ ತಿದ್ದದವರಿಗೆ ಏನು ಹೇಳಲಿ?

ಕಲಬುರಗಿಯಲ್ಲಿ ಕಲಿಸುವ ಗೆಳೆಯರೇ, ಕೈಮುಗಿದು ಕೇಳುತ್ತೇನೆ: ನೋಟ್ಸಿನ ಮೊದಲ ಪುಟದಲ್ಲಿ ಆವೃತ್ತಿ ಸಂಖ್ಯೆ ಬರೆಯಿರಿ. ‘ಎಲ್ಮ್-ಪ್ಯಾಕೇಜ್.ಜೇಸನ್’ ಎಂಬ ಫೈಲ್ ಹೆಸರು ಕಂಡರೆ ಅದು 0.18 ಅಥವಾ ಅದಕ್ಕೂ ಹಿಂದಿನದು. ಈಗಿನದು ಬರೀ ‘ಎಲ್ಮ್.ಜೇಸನ್’. ತಿದ್ದಲು ಪುರುಸೊತ್ತಿಲ್ಲದಿದ್ದರೆ ನನಗೆ ಕಳಿಸಿ, ನಾನು ತಿದ್ದಿಕೊಡುತ್ತೇನೆ.