ಎರಡು-ಮೂರು ವರ್ಷದ ಮಕ್ಕಳನ್ನು ಕಡಲಿಗೆ ಕರೆದೊಯ್ಯಬೇಕಾ?

ಪರ: ತಮ್ಮ ಬರೆದದ್ದು

ಉಡುಪಿಯಿಂದ ಮಲ್ಪೆಗೆ ಹೆಚ್ಚೆಂದರೆ 6 ಕಿಲೋಮೀಟರ್. ಆದರೂ ನಮ್ಮ ಮನೆಯ ಮಕ್ಕಳಿಗೆ ಕಡಲು ಅಂದರೆ ದಡದಲ್ಲಿ ಕಾಲು ಒದ್ದೆ ಮಾಡಿಕೊಂಡು, ಚರ್ಮುರಿ ತಿಂದು ವಾಪಸ್ ಬರುವುದು. ಅಷ್ಟೇ. ನನ್ನ ಮಗನಿಗೆ ಎರಡೂವರೆ ವರ್ಷ. ಅಕ್ಕನ ಮಗಳಿಗೆ ಮೂರು ತುಂಬಿಲ್ಲ. ಕಳೆದ ಜನವರಿಯಲ್ಲಿ ಪರಿಚಯದವರ ಬೋಟಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಸೈಂಟ್ ಮೇರೀಸ್ ದ್ವೀಪಕ್ಕೆ ಸುತ್ತು ಹಾಕಿ, ಅಲ್ಲಿಂದ ಉತ್ತರಕ್ಕೆ ಕೋಡಿಬೆಂಗ್ರೆಯವರೆಗೆ ಹೋಗಿ ಬಂದೆವು. ಅಕ್ಕನ ಸಿಟ್ಟು ಇನ್ನೂ ಇಳಿದಿಲ್ಲ.

ಕಡಲು ಅಪಾಯ ಅನ್ನುವವರು ಯಾವ ಕಡಲು, ಯಾವಾಗಿನ ಕಡಲು ಅಂತ ಹೇಳುವುದೇ ಇಲ್ಲ. ಜೂನ್, ಜುಲೈಯಲ್ಲಿ ಮೀನುಗಾರಿಕೆಯ ದೊಡ್ಡ ಬೋಟುಗಳೇ ದಡದಲ್ಲಿರುತ್ತವೆ. ಮಳೆಗಾಲದಲ್ಲಿ ದ್ವೀಪದ ಬೋಟೂ ಬಂದ್. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗ್ಗೆ ಹಾಗಲ್ಲ. ರಾತ್ರಿ ನೆಲ ತಣಿದಿರುತ್ತದೆ, ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ, ದಡದ ಹತ್ತಿರ ನೀರು ಸಮಾಧಾನವಾಗಿ ಇರುತ್ತದೆ. ನೆಲ ಕಾದು ಮಧ್ಯಾಹ್ನವಾಗುತ್ತಿದ್ದಂತೆ ಕಡಲ ಗಾಳಿ ಶುರು. ಅಷ್ಟರೊಳಗೆ ಬಂದುಬಿಟ್ಟರೆ ಆಯಿತು. ನಾವು ಏಳಕ್ಕೆ ಹೊರಟು ಹನ್ನೊಂದಕ್ಕೆ ಬಂದರಿನಲ್ಲಿದ್ದೆವು.

ದ್ವೀಪದ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷ ಹಳೆಯವು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ ತಣಿದು ಬಿರಿದು ಹಾಗಾದದ್ದು. ಇದನ್ನೆಲ್ಲ ವಿವರಿಸಲು ಹೊರಟರೆ ಮಗ "ಪೆನ್ಸಿಲ್" ಅಂದ. ಸರಿಯಾಗಿಯೇ ಹೇಳಿದ, ಮೂಲೆಮೂಲೆಯ ಪೆನ್ಸಿಲ್ ಕಟ್ಟಿಟ್ಟ ಹಾಗೆಯೇ ಉಂಟು. ಬರುವಾಗ ಇಂಜಿನ್ನಿನ ಗುಡುಗುಡುವಿಗೆ ಇಬ್ಬರಿಗೂ ನಿದ್ದೆ. ಮನೆಯಲ್ಲಾದರೆ ಹೆಗಲ ಮೇಲೆ ಹಾಕಿಕೊಂಡು ಒಂದು ಗಂಟೆ ತಿರುಗಬೇಕು, ಮಾರಾಯ್ರೆ.

ಸುಮ್ನೆ ಹೊರಟುಬಿಡಿ ಅಂತ ನಾನು ಹೇಳುವುದಿಲ್ಲ. ಬೋಟಿನಲ್ಲಿ ಸಿಗುವ ಲೈಫ್ ಜಾಕೆಟ್ ಹೆಚ್ಚಾಗಿ ದೊಡ್ಡವರದ್ದು. ಮಗುವಿನ ತೂಕಕ್ಕೆ ಸರಿಯಾದದ್ದನ್ನು ನೀವೇ ತರಿಸಿ. ತಲೆಯ ಹಿಂದೆ ಕಾಲರ್, ಕಾಲುಗಳ ನಡುವೆ ಪಟ್ಟಿ, ಎತ್ತಲು ಒಂದು ಹಿಡಿ ಇರಬೇಕು. ತೊಡಿಸಿದ ಮೇಲೆ ಭುಜದ ಹತ್ತಿರ ಹಿಡಿದು ಎತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಏರಿದರೆ ಅದು ಆಗುವುದಿಲ್ಲ. ಒಂದೊಂದು ಮಗುವಿಗೆ ಒಬ್ಬೊಬ್ಬರು ದೊಡ್ಡವರು ಬೇಕು, ಬೇರೆ ಯಾವ ಕೆಲಸವೂ ಇಲ್ಲದವರು. ಮೊದಲ ಸಲವೇ ಕಡಲಿಗೆ ಬೇಡ. ನಾವು ಮೊದಲು ಕೆಮ್ಮಣ್ಣಿನ ಹತ್ತಿರ ಸ್ವರ್ಣಾ ಹೊಳೆಯಲ್ಲಿ ಒಂದು ಗಂಟೆ ದೋಣಿಯಲ್ಲಿ ತಿರುಗಿಸಿದ್ದೆವು.

ಅಂದ ಹಾಗೆ, ಬೋಟಿನಲ್ಲಿ ಮಕ್ಕಳಿಗೆ ಹೆದರಿಕೆ ಇರಲಿಲ್ಲ. ಇದ್ದದ್ದು ಅಕ್ಕನಿಗೆ.

ವಿರೋಧ: ಅಕ್ಕ ಬರೆದದ್ದು

ಹೌದು, ಹೆದರಿಕೆ ಇದ್ದದ್ದು ನನಗೇ. ಮಕ್ಕಳಿಗೆ ಹೆದರಿಕೆ ಇಲ್ಲ ಅಂತಲೇ ಅವರನ್ನು ಬೋಟಿಗೆ ಹತ್ತಿಸಬಾರದು ಅನ್ನುವುದು ನನ್ನ ವಾದ.

ತಮ್ಮ ಬರೆದ ಆ "ಬೇರೆ ಕೆಲಸ ಇಲ್ಲದ" ದೊಡ್ಡವರು ಯಾರು ಗೊತ್ತಾ? ನಾನು. ಅವನು ಕಂಬ ನೋಡಿದ, ಗರುಡ ನೋಡಿದ, ಫೋಟೊ ತೆಗೆದ. ನಾನು ನಾಲ್ಕು ಗಂಟೆ ಮಗಳ ಜಾಕೆಟ್ಟಿನ ಹಿಡಿ ಬಿಡದೆ ಕೂತಿದ್ದೆ. ಬೋಟಿನ ಅಂಚು ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅವಳ ಹೊಟ್ಟೆಯ ಮಟ್ಟಕ್ಕೆ. ಬಲೆ ಎಳೆಯುವವರಿಗೆ ಅಷ್ಟು ಸಾಕು. ಆ ವಯಸ್ಸಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆಯೇ ಭಾರ. ನೀರು ನೋಡಲು ಬಗ್ಗಿದರೆ ಮುಗಿಯಿತು. ಮುಳುಗುವ ಮಗು ಸಿನಿಮಾದ ಹಾಗೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬೋಟಿಗೆ ಬ್ರೇಕೂ ಇಲ್ಲ. ಅದನ್ನು ತಿರುಗಿಸಿ ತರುವಷ್ಟರಲ್ಲಿ... ಬೇಡ, ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಇನ್ನು ಕೋಡಿಬೆಂಗ್ರೆ. "ಹೋಗಿ ಬಂದೆವು" ಅಂತ ಬರೆದಿದ್ದಾನಲ್ಲ, ಒಳಗೆ ಹೋಗಲೇ ಇಲ್ಲ. ಸೀತಾ, ಸ್ವರ್ಣಾ ಎರಡೂ ಹೊಳೆ ಅಲ್ಲಿ ಕಡಲು ಸೇರುತ್ತವೆ. ಹೊಳೆ ತಂದ ಮರಳು ಅಳಿವೆಯಲ್ಲೇ ದಿಬ್ಬ ಕಟ್ಟುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲ ತೆರೆ ಒಳಗೆ ಬರುತ್ತದೆ. ಎರಡೂ ಎದುರಾಗುವಲ್ಲಿ ಗಾಳಿ ಇಲ್ಲದಿದ್ದರೂ ತೆರೆ ಕಡಿದಾಗಿ ಏಳುತ್ತದೆ. ನಾವು ತಲುಪಿದಾಗ ಇಳಿತ. ಬೋಟು ಎರಡು ಸಲ ಮೂತಿ ಎತ್ತಿ ಕುಕ್ಕಿತು. ಬೋಟು ನಡೆಸುತ್ತಿದ್ದವರು ನಮ್ಮನ್ನು ಕೇಳದೆಯೇ ತಿರುಗಿಸಿದರು. "ಮಕ್ಕಳಿದ್ದಾರೆ, ಇವತ್ತು ಬೇಡ" ಅಂದರು. ಹುಟ್ಟಿದಾಗಿನಿಂದ ಕಡಲಲ್ಲೇ ಇದ್ದವರ ಮಾತು ಅದು. ನನಗೆ ಅದಕ್ಕಿಂತ ಜಾಸ್ತಿ ಸಾಕ್ಷಿ ಬೇಡ.

ನಿದ್ದೆಯ ಕಥೆಯೂ ಹಾಗೆಯೇ. ನನ್ನ ಮಗಳು ಮಲಗಿದ್ದು ವಾಂತಿ ಮಾಡಿ ಸುಸ್ತಾಗಿ. ಎರಡು ವರ್ಷದ ಒಳಗಿನವರಿಗೆ ಪ್ರಯಾಣದ ವಾಂತಿ ಅಪರೂಪ, ಕಾಟ ಶುರುವಾಗುವುದು ಅದು ದಾಟಿದ ಮೇಲೆ. ಔಷಧಿ ಉಂಟು, ಆದರೆ ಅದರಲ್ಲಿ ಹೆಚ್ಚಿನವು ನಿದ್ದೆ ಬರಿಸುತ್ತವೆ. ಮಲಗಿಸಿ ಕರೆದುಕೊಂಡು ಹೋಗುವುದಾದರೆ ಮಗುವಿಗೆ ಕಡಲು ತೋರಿಸಿದ ಹಾಗಾಯಿತಾ? ಬಿಸಿಲು ಬೇರೆ, ಮೇಲಿಂದಲೂ ಹೊಡೆಯುತ್ತದೆ, ನೀರಿಂದಲೂ.

ಜಾಕೆಟ್ ಎತ್ತಿ ನೋಡುವ ವಿಷಯ ಮಾತ್ರ ತಮ್ಮ ಸರಿಯಾಗಿ ಬರೆದಿದ್ದಾನೆ. ಅವನಿಗೆ ಅದನ್ನು ಹೇಳಿಕೊಟ್ಟದ್ದು ನಾನೇ.

ಕೆಮ್ಮಣ್ಣಿನ ಹೊಳೆಗೆ ಕರೆದರೆ ನಾನೂ ಬರುತ್ತೇನೆ. ಕಡಲಿಗೆ, ಅವಳು ಈಜು ಕಲಿಯಲಿ, "ಕೂತುಕೋ" ಅಂದರೆ ಕೂರುವಷ್ಟು ದೊಡ್ಡವಳಾಗಲಿ. ಆಗ ಆ ಕಂಬಗಳನ್ನು ನಾನೂ ನೋಡಬಹುದು.