ಬರೀ ‘ಇಂಡಿಕಾ’ ಅಂದರೆ ಯಾವ ಮರ?

ದಾವಣಗೆರೆ, ಚಿತ್ರದುರ್ಗದ ಶಾಲೆ, ಪಾರ್ಕುಗಳಲ್ಲಿ ಮರಕ್ಕೆ ಹೆಸರಿನ ಫಲಕ ಹಾಕಿಸುವವರಲ್ಲಿ ಒಂದು ಮನವಿ. ವೈಜ್ಞಾನಿಕ ಹೆಸರಿನ ಎರಡೂ ಪದ ಬರೆಸಿ. ಬರೀ ‘ಇಂಡಿಕಾ’ ಅಂದರೆ ಮಾವು, ಬೇವು, ಹುಣಸೆ ಯಾವುದೂ ಆಗಬಹುದು. ಮೊದಲ ಪದ ಕುಲದ (ಜೀನಸ್) ಹೆಸರು; ರೋಮನ್ ಲಿಪಿಯಲ್ಲಿ ಅದರ ಮೊದಲಕ್ಷರ ಮಾತ್ರ ದೊಡ್ಡದು, ಎರಡನೇ ಪದ ಪೂರ್ತಿ ಸಣ್ಣಕ್ಷರ. ಅಚ್ಚಿನಲ್ಲಿ ಓರೆ ಅಕ್ಷರ. ಕೈಬರಹವಾದರೆ ಒಂದೊಂದು ಪದಕ್ಕೂ ಬೇರೆ ಅಡಿಗೆರೆ.

ಮಕ್ಕಳಿಗೆ ಈ ಹೆಸರುಗಳನ್ನು ಅರ್ಥ ಹೇಳದೆ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕಮರದ ಮರದ ಹೆಸರು ಹಾರ್ಡ್‌ವಿಕಿಯಾ ಬೈನಾಟಾ. ಮೊದಲ ಪದ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಥಾಮಸ್ ಹಾರ್ಡ್‌ವಿಕ್ ನೆನಪಿಗೆ. ಬೈನಾಟಾ ಅಂದರೆ ಜೋಡಿ. ಎಲೆ ಕಿತ್ತು ನೋಡಿದರೆ ತೊಟ್ಟಿನ ತುದಿಯಲ್ಲಿ ಎರಡೇ ಕಿರುಎಲೆ, ಥೇಟ್ ಮೇಕೆಯ ಗೊರಸಿನ ಹಾಗೆ. ಒಮ್ಮೆ ನೋಡಿದ ಮಗು ಮರೆಯುವುದಿಲ್ಲ. ಜಗಳೂರು ಕಡೆ ರಂಗಯ್ಯನದುರ್ಗದ ಕಾಡಿನ ಕೊಂಡುಕುರಿ ಎಂಬ ಹುಲ್ಲೆ ಟೆಟ್ರಾಸೆರಸ್ ಕ್ವಾಡ್ರಿಕಾರ್ನಿಸ್: ಗ್ರೀಕಿನಲ್ಲೊಮ್ಮೆ, ಲ್ಯಾಟಿನ್ನಿನಲ್ಲೊಮ್ಮೆ ನಾಲ್ಕು ಕೊಂಬು. (ಕೊಂಬು ಗಂಡಿಗೆ ಮಾತ್ರ.)

ಎಳ್ಳು ಮಾತ್ರ ‘ಇಂಡಿಕಮ್’ ಯಾಕೆ? ಸೆಸಮಮ್ ನಪುಂಸಕಲಿಂಗ, ವಿಶೇಷಣ ಅದನ್ನೇ ಅನುಸರಿಸಬೇಕು. ಹುಣಸೆಯ ಟ್ಯಾಮರಿಂಡಸ್ ನೋಡಲು ಪುಲ್ಲಿಂಗ. ಆದರೆ ಲ್ಯಾಟಿನ್ ರೂಢಿಯಲ್ಲಿ ಮರಗಳು ಸ್ತ್ರೀಲಿಂಗ, ಹಾಗಾಗಿ ಇಂಡಿಕಾ.

ಹೆಚ್ಚು ತಪ್ಪಾಗುವುದು ಹೊಸ ಗಿಡಕ್ಕೆ ವ್ಯಕ್ತಿಯ ಹೆಸರಿಡುವಾಗ. ಸಸ್ಯನಾಮದ ನಿಯಮದಲ್ಲಿ ಗಂಡಸಿನ ಹೆಸರು ವ್ಯಂಜನದಿಂದ ಮುಗಿದರೆ ಸಾಮಾನ್ಯವಾಗಿ ಕೊನೆಗೆ ಎರಡು ‘ಐ’ (ii), ಹೆಂಗಸಿನದಾದರೆ ‘ಐ-ಎ-ಇ’ (iae). ‘ಎ’ (a) ಯಿಂದ ಮುಗಿದರೆ ಇಬ್ಬರಿಗೂ ಒಂದು ‘ಇ’ (e) ಸೇರಿಸಬೇಕು. ನಮ್ಮ ತಿಪ್ಪಣ್ಣ, ನಾಗಪ್ಪಂದಿರೆಲ್ಲ ಈ ಗುಂಪಿನವರು. ಅಂತ್ಯ ಹೆಣ್ಣಿನದರಂತೆ ಕಾಣುತ್ತದೆಂದು ‘ತಿದ್ದಲು’ ಹೋಗಬೇಡಿ, ಸರಿಯಾಗಿಯೇ ಇದೆ. ಗಿರೀಶ ಅನ್ನುವವರು ರೋಮನ್ ಲಿಪಿಯಲ್ಲಿ ಕೊನೆಗೆ ‘ಎ’ ಬರೆಯುತ್ತಾರೋ ಇಲ್ಲವೋ ಎಂಬುದರ ಮೇಲೆ ಅಂತ್ಯವೇ ಬದಲಾಗುತ್ತದೆ. ಅದನ್ನು ಮೊದಲು ಕೇಳಿಕೊಳ್ಳಿ. ಊರಿನ ಹೆಸರಿಗೆ ‘-ಎನ್ಸಿಸ್’, ಕುಲ ನಪುಂಸಕವಾದರೆ ‘-ಎನ್ಸೆ’.

ಹೆಸರು ಸರಿಯಿದ್ದರಷ್ಟೇ ಸಾಲದು. 2012ರಿಂದ ಹೊಸ ಗಿಡದ ವಿವರಣೆ ಲ್ಯಾಟಿನ್, ಇಂಗ್ಲಿಷ್ ಎರಡರಲ್ಲಿ ಯಾವುದರಲ್ಲಿದ್ದರೂ ನಡೆಯುತ್ತದೆ. ಆದರೆ ಒಣಗಿಸಿದ ಮೂಲ ಮಾದರಿ ಯಾವ ಹರ್ಬೇರಿಯಂನಲ್ಲಿದೆ (ಒಣಗಿಸಿದ ಸಸ್ಯಗಳ ಸಂಗ್ರಹಾಲಯ) ಎಂದು ನಮೂದಿಸದಿದ್ದರೆ ಹೆಸರು ಊರ್ಜಿತವಲ್ಲ. ದಿನಪತ್ರಿಕೆಯಲ್ಲಿ ಫೋಟೋ ಸಮೇತ ಬಂದರೂ ಅದು ಪ್ರಕಟಣೆಯೆಂದು ಲೆಕ್ಕಕ್ಕಿಲ್ಲ.