ಕಲ್ಲಿದ್ದಲಿನ ಕಥಿ ಮುಗೀತಂತ, ಕೇಳ್ರಪಾ

ನಿನ್ನೆ ಕಲಬುರಗಿಯಲ್ಲಿ ಕಾಕಾನ ಮಗನ ಮನೆ ಗೃಹಪ್ರವೇಶ. ಹುಗ್ಗಿ ಚಲೋ ಇತ್ತು, ಅದರ ಬಗ್ಗೆ ತಕರಾರಿಲ್ಲ. ತಕರಾರು ಮಾಳಿಗೆ ಮೇಲಿನ ಭಾಷಣದ್ದು. ಬಂದವರನ್ನೆಲ್ಲ ಸುಡುಬಿಸಿಲಲ್ಲಿ ಮೇಲೆ ಹತ್ತಿಸಿ, "ಮೂರು ಕಿಲೋವ್ಯಾಟ್ ಸೋಲಾರ್ ಅಣ್ಣಾ, ಸಬ್ಸಿಡಿನೇ 78,000. ಇನ್ನ ಕಲ್ಲಿದ್ದಲಿನ ಕಥಿ ಮುಗೀತು" ಅನ್ನೋದು. ನನಗೊಬ್ಬನಿಗೇ ಮೂರು ಸಲ ಹೇಳಿದ.

ಎರಡನೇ ಪಂಕ್ತಿಗೆ ತಾಟು ಇಡುವ ಹೊತ್ತಿಗೆ ಕರೆಂಟ್ ಹೋಯ್ತು. ಫ್ಯಾನು ನಿಂತವು. ಮೇಲೆ ಬೆಂಕಿಯಂಥ ಸೂರ್ಯ, ಕೆಳಗೆ ಪ್ಯಾನಲ್, ಅದರ ಕೆಳಗೆ ಬೆವರು ಸುರಿಸುತ್ತ ನಾವು. "ಸೋಲಾರ್ ಅದ ಅಂದ್ಯಲ್ಲೋ ತಮ್ಮಾ?" ಅಂತ ಹಿರಿಯರೊಬ್ಬರು ಕೇಳಿದರು. ಆನ್-ಗ್ರಿಡ್ ಸೋಲಾರ್, ಅಂದರೆ ಬ್ಯಾಟರಿ ಇಲ್ಲದೆ ಸರ್ಕಾರಿ ಲೈನಿಗೇ ಜೋಡಿಸಿದ್ದು, ಹಂಗೇ. ಲೈನಿನ ಕರೆಂಟ್ ಹೋದರೆ ಇನ್ವರ್ಟರ್ ತಾನೂ ಬಂದ್ ಆಗುತ್ತೆ, ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮನೆ ಕರೆಂಟ್ ಹೊಡೀಬಾರದು ಅಂತ. ಒಳ್ಳೇದೇ. ಮಾರಿದವನು ಹೇಳಿರಲಿಲ್ಲ, ಇವನು ಕೇಳಿರಲಿಲ್ಲ.

ನನ್ನ ಸಿಟ್ಟು ಪ್ಯಾನಲ್ ಮೇಲಲ್ಲ, ಆ "ಮುಗೀತು" ಮೇಲೆ. ರಾತ್ರಿ ಇವನ ಎಸಿಗೆ ಕರೆಂಟ್ ಎಲ್ಲಿಂದ? ರಾಯಚೂರು ಹತ್ತಿರದ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ 1985ರಿಂದ ಹೊತ್ತಿರುವ ಒಲೆ ಇನ್ನೂ ಆರಿಲ್ಲ. ದೇಶದಲ್ಲಿ ಹುಟ್ಟುವ ಕರೆಂಟಿನಲ್ಲಿ ಶೇ. 70ರ ಆಸುಪಾಸು ಈಗಲೂ ಕಲ್ಲಿದ್ದಲಿನದೇ. ನಮ್ಮ ರಾಜ್ಯದಲ್ಲಿ ಒಂದು ಕಲ್ಲಿದ್ದಲು ಗಣಿ ಇಲ್ಲ, ತೆಲಂಗಾಣದ ಸಿಂಗರೇಣಿ ಗಣಿಗಳಿಂದಲೋ ಒಡಿಶಾದಿಂದಲೋ ಗೂಡ್ಸ್ ಗಾಡಿಯಲ್ಲಿ ಬರಬೇಕು. ಸಣ್ಣವರಿದ್ದಾಗ ರೈಲ್ವೆ ಗೇಟಿನಲ್ಲಿ ನಿಂತು ಡಬ್ಬಿ ಎಣಿಸಿದವರು ನಾವು. ಐವತ್ತೆಂಟು ಮುಗಿದ ಮೇಲೇ ಗೇಟು ತೆಗೀತಿದ್ದರು. 2024–25ರಲ್ಲಿ ದೇಶ ಅಗೆದದ್ದು ನೂರು ಕೋಟಿ ಟನ್ನಿಗೂ ಮೇಲೆ. ಮುಗೀತಂತೆ!

"ಮಾಮಾ, ದೇಶದ ಕರೆಂಟ್ ತಯಾರಿಸೋ ಸಾಮರ್ಥ್ಯದಾಗ ಅರ್ಧ ಈಗ ಕಲ್ಲಿದ್ದಲು, ಗ್ಯಾಸಿಂದಲ್ಲ, 2025ರಾಗೇ ದಾಟ್ಯದ" ಅಂತ ಅಳಿಯ ಮೊಬೈಲ್ ಹಿಡಿದ. ನಿಜ. ಆದರೆ ಪೆಂಡಾಲಿನಲ್ಲಿ ಐನೂರು ಕುರ್ಚಿ ಹಾಕಿದರೆ ಐನೂರು ಜನ ಉಂಡಂಗಾಯ್ತೇನು? ಸಾಮರ್ಥ್ಯ ಅಂದರೆ ಕುರ್ಚಿ ಲೆಕ್ಕ, ನಿಜವಾಗಿ ಹುಟ್ಟಿದ ಕರೆಂಟ್ ಉಂಡವರ ಲೆಕ್ಕ. ಬ್ಯಾಟರಿ ಬರ್ತಾವ ಅಂದ. ಬರಲಿ. ಬಂದ ದಿನ ನಾನೇ ಕಾಯಿ ಒಡೀತೀನಿ.

ಕಲ್ಲಿದ್ದಲು ಚಲೋ ಅಂತ ನನಗೆ ಹೇಳೋಕಾಗಲ್ಲ. ಸೇಡಂ ಕಡೆಯ ಸಿಮೆಂಟ್ ಸೀಮೆಯಲ್ಲಿ ಬೆಳೆದವನು, ನಿಮಗೆ ಗೊತ್ತಿದ್ದದ್ದೇ. ಕಲ್ಲಿದ್ದಲು ಉರಿಸಿ 1,450 ಡಿಗ್ರಿಯಲ್ಲಿ ಸುಣ್ಣದ ಕಲ್ಲು ಬೇಯಿಸುವ ಭಟ್ಟಿಯಿಂದಲೇ ಅಪ್ಪನ ಪಗಾರ, ನನ್ನ ಕಾಲೇಜ್ ಫೀಸು ಬಂದದ್ದು. ಅಪ್ಪನ ಕೆಮ್ಮೂ ಅಲ್ಲಿಂದಲೇ ಬಂತು ಅಂತ ನನ್ನ ಗುಮಾನಿ, ಡಾಕ್ಟರು ಬೀಡಿ ಅಂದರು. ಕಾಕಾನ ಮಗ ಪ್ಯಾನಲ್ ಕೂರಿಸಿದ ಸ್ಲ್ಯಾಬಿನ ಸಿಮೆಂಟೂ ಅಂಥದೇ ಭಟ್ಟಿಯಲ್ಲಿ ಬೆಂದದ್ದು. ಇದನ್ನ ಮಾಳಿಗೆ ಮೇಲೇ ಹೇಳಬೇಕಿತ್ತು, ಶುಭ ಕಾರ್ಯ ಅಂತ ನುಂಗಿಕೊಂಡೆ. ಅದಕ್ಕೇ ಇಲ್ಲಿ ಬರೀತಿದೀನಿ.

ಅವ್ವ ಮಾತ್ರ ಹೊಸ ಅಡುಗೆಮನೆಗೆ ಹೋದವಳೇ ಗ್ಲಾಸುಗಳನ್ನೆಲ್ಲ ಡಬ್ಬು ಹಾಕುತ್ತಿದ್ದಳು. "ಇಲ್ಲಿ ಧೂಳ ಬರಂಗಿಲ್ರಿ ಅತ್ತಿ" ಅಂದಳು ತಮ್ಮನ ಹೆಂಡತಿ. "ಹೌದೇನವಾ" ಅಂತ ಅವ್ವ ಇನ್ನೊಂದು ಗ್ಲಾಸು ಡಬ್ಬು ಹಾಕಿದಳು.